ಗೌಸಬಿ ತೆಗೆದ ಮುಳ್ಳು

ನಮ್ಮ ಓಣಿಯವರಿಗೆ ಮುಳ್ಳು ಚುಚ್ಚಿದರೆ ಮೊದಲು ನೆನಪಾಗುವುದು ಗೌಸಬಿ, ಆಮೇಲೆ ದವಾಖಾನೆ. ಸವಣೂರಿನ ಈ ಮೂಲೆಯಲ್ಲಿ ಮುಳ್ಳಿಗೇನೂ ಬರಗಾಲವಿಲ್ಲ. ಎಲೆತೋಟಕ್ಕೆ ಹೋಗುವವರಿಗೆ ಹಾಲವಾಣದ ಮುಳ್ಳು, ಹೊಲಕ್ಕೆ ಹೋಗುವವರಿಗೆ ಜಾಲಿಮುಳ್ಳು, ಎಲ್ಲಿಗೂ ಹೋಗದೆ ಹಿತ್ತಲಲ್ಲಿ ನಾಲ್ಕು ಗಿಡ ಹಚ್ಚಿಕೊಂಡು ಕೂತ ನನ್ನಂಥವರಿಗೆ ಮನೆಯದೇ ಮುಳ್ಳು. ಯಾರೇ ಆಗಲಿ, ಕುಂಟುತ್ತ ಹೋಗಿ ಆಕೆಯ ಕಟ್ಟೆಯ ಮೇಲೆ ಕೂತು ಕಾಲು ಚಾಚುತ್ತಾರೆ.

ನಾನು ರಂಜನಾ, ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ರುದ್ರೇಶ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅವರಿಗೆ ಬಾಯಿ ನಿಲ್ಲುವುದಿಲ್ಲ, ಅದಕ್ಕೇ ನನಗೆ ಸಿಟ್ಟು ಬರುತ್ತದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಗೌಸಬಿ ನಮ್ಮ ಹಿತ್ತಲಗೋಡೆಯ ಆಚೆಯವಳು. ವಯಸ್ಸು ಅರವತ್ತು ದಾಟಿದೆ. ಎದುರಿಗೆ ನಾನು ಚಿಕ್ಕಮ್ಮ ಎನ್ನುವಂತೆ ಖಾಲಾ ಅನ್ನುತ್ತೇನೆ, ರೀ ಹಚ್ಚಿ ಮಾತಾಡಿಸುತ್ತೇನೆ. ಬರೆಯುವಾಗ ಮಾತ್ರ ಆಕೆ ಎನ್ನುವುದೇ ಹತ್ತಿರ ಅನಿಸುತ್ತದೆ. ಶಾಲೆಯ ಮಕ್ಕಳಂತೆ ಆಕೆಯೂ ನನಗೆ ಅಕ್ಕೋರ ಅನ್ನುತ್ತಾಳೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವಳಾದರೂ.

ಆಕೆಯ ಕಸುಬು ಸೆಹರಾ ಕಟ್ಟುವುದು. ಮದುಮಗನ ಹಣೆಯಿಂದ ಸೊಂಟದವರೆಗೆ ಇಳಿಬೀಳುವ ಹೂವಿನ ಪರದೆ ಅದು. ಬಂಕಾಪುರ, ಶಿಗ್ಗಾಂವಿಯಿಂದಲೂ ಹೇಳಿ ಕಳಿಸುತ್ತಾರೆ. ಒಂದು ಮೊಗ್ಗೂ ತಿರುಗಿ ಕೂತಿರುವುದಿಲ್ಲ. ಸೂಜಿ ಹಿಡಿದು ಹಿಡಿದು ಆ ಬೆರಳುಗಳಿಗೆ ಒಂದು ಹದ ಬಂದಿದೆ, ಮುಳ್ಳು ತೆಗೆಯುವ ಕೈಗುಣ ಅಲ್ಲಿಂದಲೇ ಬಂದದ್ದು ಎಂದು ಜನ ಅನ್ನುತ್ತಾರೆ. ಆದರೆ ಆಕೆ ಮುಳ್ಳು ತೆಗೆಯಲು ಕಲಿತದ್ದು ಸೆಹರಾದಿಂದಲ್ಲ, ತಮ್ಮ ನಾಸೀರನಿಂದ.

ನಾಸೀರ ಸಣ್ಣವನಿದ್ದಾಗ ಅವನ ಅಂಗಾಲಿಗೆ ಜಾಲಿಮುಳ್ಳು ಮುರಿದಿತ್ತಂತೆ. ಮನೆಯ ಹಿರಿಯರು ಸೆಗಣಿ ಬಿಸಿ ಮಾಡಿ ಕಟ್ಟಿದರು. ಕೆಲವು ದಿನಗಳಲ್ಲಿ ಹುಡುಗನ ದವಡೆ ಕಚ್ಚಿಕೊಂಡಿತು, ಬೆನ್ನು ಬಿಲ್ಲಿನಂತೆ ಸೆಟೆಯಿತು. ಧನುರ್ವಾಯು. ಹುಬ್ಬಳ್ಳಿಗೆ ಒಯ್ಯುವಾಗ ದಾರಿಯಲ್ಲೇ ಹೋದ. ಇದನ್ನು ಆಕೆ ಒಂದೇ ಸಲ ನನಗೆ ಹೇಳಿದ್ದಾಳೆ, ಅದೂ ಹೂವು ಪೋಣಿಸುತ್ತ, ತಲೆ ಎತ್ತದೆ. ಅಂದಿನಿಂದ ಯಾರ ಕಾಲಲ್ಲಿ ಮುಳ್ಳು ಕಂಡರೂ ಆಕೆಗೆ ಸುಮ್ಮನಿರಲು ಆಗುವುದಿಲ್ಲ. ಸೆಗಣಿ, ಮಣ್ಣು, ಸುಣ್ಣ ಹಚ್ಚಿಕೊಂಡು ಬಂದವರಿಗೆ ಆಕೆ ಬೈಯುವುದನ್ನು ಕೇಳಬೇಕು. ನನ್ನ ಸಿಟ್ಟು ಅದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ.

ಆಕೆ ಮುಳ್ಳು ತೆಗೆಯುವ ರೀತಿಯೇ ಚೆಂದ. ಸೂಜಿಯನ್ನು ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸುತ್ತಾಳೆ. ಸಾಬೂನಿನಿಂದ ಕಾಲು ತೊಳೆಸುತ್ತಾಳೆ. ದಾರ ಕಟ್ಟಿದ ಚಷ್ಮಾ ಏರಿಸಿ, ಬಿಸಿಲಿಗೆ ಅಂಗಾಲು ತಿರುಗಿಸಿಕೊಂಡು, ಬಿಸ್ಮಿಲ್ಲಾ ಅಂದು ಮುಳ್ಳಿನ ಜೊತೆಗೇ ಮಾತು ಶುರುಮಾಡುತ್ತಾಳೆ. "ಬಾರಪಾ, ಹೊರಗ ಬಾ. ಅಲ್ಲಿ ನಿಂದೇನ್ ಕೆಲಸ? ನಿಮ್ಮ ಮನಿ ಗಿಡದಾಗ ಐತಿ, ಇಲ್ಲಲ್ಲ." ಚುಚ್ಚಿಸಿಕೊಂಡವರು ನಗುತ್ತಿರುವಾಗಲೇ ಮುಳ್ಳು ಹೊರಗೆ ಬಂದಿರುತ್ತದೆ. ಆಮೇಲೆ ಆಕೆ ಅದನ್ನು ಮುಂದಿನ ಹಲ್ಲಿನಲ್ಲಿ ಕಟಕಟ ಕಚ್ಚಿ ಪುಡಿ ಮಾಡಿ ಉಗಿಯುತ್ತಾಳೆ. ಇಡಿಯಾಗಿ ಎಸೆದರೆ ಆ ಮುಳ್ಳು ಮತ್ತೆ ಅದೇ ಕಾಲನ್ನು ಹುಡುಕಿಕೊಂಡು ಬರುತ್ತದೆ ಎಂದು ಆಕೆಯ ಅವ್ವ ಹೇಳಿಕೊಟ್ಟಿದ್ದಳಂತೆ. ನಮ್ಮ ಮನೆಗಳಲ್ಲೂ ಹೀಗೆಯೇ ಮಾಡುತ್ತಿದ್ದರು, ಯಾರಿಗೂ ಅದರಲ್ಲಿ ವಿಚಿತ್ರ ಕಂಡಿಲ್ಲ. ಕಡೆಗೆ ಒಂದು ಹುಕುಂ ಬರುತ್ತದೆ: "ಹೋಗ್ರಿ, ಸರಕಾರಿ ದವಾಖಾನಿಗೆ ಹೋಗಿ ಟಿ.ಟಿ. ಮಾಡಿಸ್ಕೋರಿ. ಮಾಡಿಸ್ಕೊಂಡಿಲ್ಲಂದ್ರ ಮುಂದ ನನ್ನ ಕಟ್ಟಿ ಹತ್ತಬ್ಯಾಡ್ರಿ."

ಕಳೆದ ಮಳೆಗಾಲದ ಒಂದು ರವಿವಾರ ನಾನು ಹಿತ್ತಲಲ್ಲಿ ಕಳೆ ಕೀಳುತ್ತಿದ್ದೆ. ಅಲ್ಲಿ ನನ್ನದೊಂದು ಲಿಂಬೆಗಿಡ ಇದೆ. ಹಿರೇಕೆರೂರಿನ ನರ್ಸರಿಯಿಂದ ತಂದದ್ದು, ಕಾಯಿ ಕಡಿಮೆ, ಮುಳ್ಳು ಹೆಚ್ಚು. ಹಿಂದಿನ ವಾರವಷ್ಟೇ ಟೊಂಗೆ ಕತ್ತರಿಸಿದ್ದೆ, ಒಣಗಿದ ಚೂರುಗಳನ್ನು ಪೂರ್ತಿ ಗುಡಿಸಿರಲಿಲ್ಲ. ಎಡಮೊಣಕಾಲೂರಿ ಕೂತದ್ದೇ ತಡ, ಜೀವ ಹೋದಂತಾಯಿತು. ಹಸಿ ಮಣ್ಣಿನಲ್ಲಿ ಅಡಗಿದ್ದ ಮುಳ್ಳು ಸೀರೆ ದಾಟಿ ಮೊಣಕಾಲ ಚಿಪ್ಪಿನ ಪಕ್ಕದಲ್ಲಿ ಸರಕ್ಕನೆ ಇಳಿದಿತ್ತು. ನಾನು ಕೂಗಿದ್ದು ಕೇಳಿ ಗೌಸಬಿ ಗೋಡೆಯ ಮೇಲಿಂದ ಇಣುಕಿದಳು. ಸುತ್ತು ಹಾಕಿ ಬಂದು, ನನ್ನ ಅಡುಗೆಮನೆಯ ಗ್ಯಾಸಿನಲ್ಲೇ ಸೂಜಿ ಕಾಯಿಸಿ, ಆ ಮುಳ್ಳಿಗೂ ಬುದ್ಧಿವಾದ ಹೇಳಿ ಹೊರಗೆ ಕರೆದಳು.

"ಇಕಾ, ಬಂತು ನೋಡ್ರಿ ಅಕ್ಕೋರ!" ಅಂದಳು. ನಾನು ಕಣ್ಣು ಬಿಡುವುದರೊಳಗೆ ಅದು ಆಕೆಯ ಹಲ್ಲಿನಡಿ ಪುಡಿಯಾಗಿತ್ತು. ಅವತ್ತೇ ಹೋಗಿ ಟಿ.ಟಿ. ಚುಚ್ಚಿಸಿಕೊಂಡೆ. ಎರಡು ದಿನ ಸ್ವಲ್ಪ ನೋವಿತ್ತು, ಹೋಯಿತು. ನಾನೂ ಮರೆತೆ.

ದಸರಾ ರಜೆಯ ಹೊತ್ತಿಗೆ ಮೊಣಕಾಲು ಬಾತುಕೊಂಡಿತು. ಮಕ್ಕಳ ಜೊತೆ ನೆಲದ ಮೇಲೆ ಕೂತರೆ ಏಳಲು ಆಗದು, ಎದ್ದರೆ ಕೂರಲು ಆಗದು. ಗುಳಿಗೆ ತಗೊಂಡರೆ ನಾಲ್ಕು ದಿನ ಇಳಿಯುವುದು, ಬಿಟ್ಟರೆ ಮತ್ತೆ ಬರುವುದು. ಹಾನಗಲ್ಲಿನ ನಾದಿನಿ ವಾಯು ಅಂದಳು. ರುದ್ರೇಶ ವಯಸ್ಸು ಅಂದು ಬೈಸಿಕೊಂಡರು. ಹಾವೇರಿಯಲ್ಲಿ ಒಬ್ಬ ಡಾಕ್ಟರು ಎಕ್ಸ್-ರೇ ತೆಗೆಸಿ, ಎಲುಬೆಲ್ಲ ಸ್ವಚ್ಛ ಇದೆ, ಸಂಧಿವಾತ ಶುರುವಾದಂತಿದೆ ಎಂದು ಒಂದು ಚೀಲ ಗುಳಿಗೆ ಕೊಟ್ಟರು. ಯಾರೂ ಮುಳ್ಳಿನ ಸುದ್ದಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದೇನು? ಗೌಸಬಿ ತೆಗೆದ ಮೇಲೆ ಮುಳ್ಳಿನ ಕಥೆ ಮುಗಿದ ಹಾಗೆಯೇ ಎಂದು ಓಣಿಯ ಎಲ್ಲರಂತೆ ನಾನೂ ತಿಳಿದಿದ್ದೆ.

ಆಕೆಯೇ ದಿನಾ ಸಂಜೆ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದು ನನ್ನ ಮೊಣಕಾಲು ತಿಕ್ಕುತ್ತಿದ್ದಳು. ಬೇಡವೆಂದರೆ ಕೇಳುವವಳಲ್ಲ. "ಸುಮ್ಕ ಕುಂದರ್ರಿ. ಸಾಲ್ಯಾಗ ನೀವು ಹುಡುಗರ ಕಿವಿ ಹಿಂಡ್ತೀರಿ, ಇಲ್ಲೆ ನಾ ನಿಮ್ಮ ಕಾಲ ಹಿಂಡ್ತೇನಿ" ಅನ್ನುವಳು. ನೋವಾಗುತ್ತಿತ್ತು, ಆದರೂ ಆ ಹೊತ್ತಿಗಾಗಿ ನಾನು ಕಾಯುತ್ತಿದ್ದೆ. ನನ್ನ ಅವ್ವ ತೀರಿದ ಮೇಲೆ ನನ್ನ ಕಾಲು ಮುಟ್ಟಿ ಯಾರೂ ಅಷ್ಟು ಅಕ್ಕರೆ ಮಾಡಿರಲಿಲ್ಲ.

ಚಳಿಗಾಲದಲ್ಲಿ ಮೊಣಕಾಲು ಮಡಚುವುದೇ ನಿಂತಿತು. ಆಗ ಹುಬ್ಬಳ್ಳಿಗೆ ಹೋದೆವು. ಅಲ್ಲಿನ ಡಾಕ್ಟರು ಶ್ವೇತಾ ಎಂಬ ಹುಡುಗಿ, ನೋಡಿದರೆ ಇನ್ನೂ ಕಾಲೇಜಿಗೆ ಹೋಗುವವಳಂತೆ ಇದ್ದಳು. ಆಕೆ ನನ್ನ ಕಡತ ನೋಡುವುದಕ್ಕಿಂತ ಮೊಣಕಾಲನ್ನೇ ಹೆಚ್ಚು ಹೊತ್ತು ನೋಡಿದಳು. ಚಿಪ್ಪಿನ ಪಕ್ಕದ ಒಂದು ಸಣ್ಣ ಕಪ್ಪು ಚುಕ್ಕಿಯ ಮೇಲೆ ಬೆರಳಿಟ್ಟು, "ಮನ್ಯಾಗ ಗಿಡಾ ಬಳ್ಳಿ ಹಚ್ಚೀರೇನ್ರಿ? ಇಲ್ಲೆ ಯಾವಾಗರ ಮುಳ್ಳು ಚುಚ್ಚಿತ್ತೇನು?" ಎಂದು ಕೇಳಿದಳು.

"ಚುಚ್ಚಿತ್ತು. ಅದನ್ನ ಅವಾಗ ತಗಸೇನ್ರಿ."

"ಪೂರ್ತಿ ಬಂದಿತ್ತಾ? ತುದಿ ಇತ್ತಾ ಅದಕ್ಕ? ಯಾರರ ನೋಡಿದ್ರಾ?"

ರುದ್ರೇಶ ನಡುವೆ ಬಾಯಿ ಹಾಕಿದರು. "ನೋಡೂದೆಲ್ಲಿ ಬಂತ್ರಿ, ತಗದಾಕೀನ ಅದನ್ನ ಕಚ್ಚಿ ಉಗುಳಿಬಿಟ್ಲು" ಅಂದರು.

ಡಾಕ್ಟರು ನಗಲಿಲ್ಲ. ತನ್ನ ಅಜ್ಜಿಯೂ ಹಾಗೆ ಮಾಡುತ್ತಿದ್ದಳು ಅಂದಳು. ಸ್ಕ್ಯಾನಿಂಗ್ ಮಾಡಿಸಿದಾಗ ಕೀಲಿನ ಒಳಗೆ ಅದು ಕಂಡಿತು, ಅಕ್ಕಿಕಾಳಿಗಿಂತ ಸಣ್ಣ ತುಣುಕು. ಮುಳ್ಳು ಕಟ್ಟಿಗೆಯ ಜಾತಿ, ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲವಂತೆ. ಕೀಲಿನೊಳಗೆ ಉಳಿದ ಚೂರು ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಬಾವು ತರುತ್ತದೆ, ಬಿಟ್ಟರೆ ಕೀಲು ಸವೆಸಿ ಹಾಕುತ್ತದೆ. ಎಣ್ಣೆ ಹಚ್ಚಿ ತಿಕ್ಕಿದರೆ ಬಾವು ಕೆರಳುತ್ತದೆಯೇ ಹೊರತು ಇಳಿಯುವುದಿಲ್ಲ. ಗುಲಾಬಿ ಮುಳ್ಳಾದರೆ ಒಂದು ತರಹದ ಬೂಷ್ಟು ಒಳಹೊಕ್ಕು ಕೈಯುದ್ದಕ್ಕೂ ಗಂಟು ಏಳುವುದೂ ಉಂಟಂತೆ. "ಟಿ.ಟಿ. ಮಾಡಿಸ್ಕೊಂಡಿದ್ದು ಛಲೋ ಆತ್ರಿ. ಅದು ಧನುರ್ವಾಯು ತಡೀತದ, ಉಳಿದ ಚೂರು ತಗಿಯಂಗಿಲ್ಲ. ಕೀಲಿನ ಹತ್ರ ಚುಚ್ಚಿದ್ದನ್ನ ಮನ್ಯಾಗ ಕೆದಕಬ್ಯಾಡ್ರಿ. ವಾರ ಕಳದ ಮ್ಯಾಲೂ ಬಾವು ಬಂದ್ರ, ಮುಳ್ಳು ಚುಚ್ಚಿತ್ತಂತ ಡಾಕ್ಟರ್ ಮುಂದ ಮೊದಲ ಹೇಳ್ರಿ" ಅಂದಳು. ಆಪರೇಷನ್ ಆಗಲೇಬೇಕಿತ್ತು. ತಡವಾದಷ್ಟು ಕಾಲು ನೆಟ್ಟಗೆ ಆಗುವುದು ಕಷ್ಟ ಎಂದಳು.

ವಾಪಸು ಬರುವಾಗ ಕಾರಿನಲ್ಲಿ ನನಗೆ ನನ್ನ ಕಾಲಿನ ಚಿಂತೆ ಅರ್ಧ, ಗೌಸಬಿಯದು ಅರ್ಧ. ತಮ್ಮನನ್ನು ಮುಳ್ಳಿಗೆ ಕಳೆದುಕೊಂಡವಳು. ಬದುಕಿಡೀ ಊರಿನವರ ಕಾಲು ತೊಡೆಯ ಮೇಲೆ ಇಟ್ಟುಕೊಂಡವಳು. ಈಗ ಹೋಗಿ, ನೀವು ತೆಗೆದ ಮುಳ್ಳು ಒಳಗೇ ಇತ್ತು, ನೀವು ತಿಕ್ಕಿದ್ದಕ್ಕೆ ಇನ್ನಷ್ಟು ಕೆಟ್ಟಿತು ಎಂದು ಯಾವ ಬಾಯಿಂದ ಹೇಳಲಿ? ಆಕೆ ಸೂಜಿ ಮುಟ್ಟುವುದನ್ನೇ ಬಿಟ್ಟಾಳು. ಸೂಜಿ ಬಿಟ್ಟರೆ ಗೌಸಬಿ ಎಲ್ಲಿ ಉಳಿದಳು?

"ಬಾಯಿ ಬಿಟ್ಟೀರಂದ್ರ ನೋಡ್ರಿ ಮತ್ತ" ಎಂದು ರುದ್ರೇಶರಿಗೆ ಹೇಳಿದೆ. "ಮೊಣಕಾಲಾಗ ನೀರು ತುಂಬೇತಿ, ತಗಸಾಕ ಹೊಂಟೇವಿ ಅಂತ ಹೇಳ್ರಿ ಸಾಕು."

"ಆಕಿ ಏನ್ ಸಣ್ಣ ಕೂಸಾ?" ಅಂದರು ಅವರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ವಿಷಯದಲ್ಲಿ ನಾನು ಮಾಡಿದ್ದು ತಪ್ಪೆಂದು ನನಗೆ ಈಗಲೂ ಪೂರ್ತಿ ಅನಿಸಿಲ್ಲ, ಯಾರು ಏನೇ ಅನ್ನಲಿ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮರುದಿನವೇ ಗೌಸಬಿ ಒಂದು ಚೀಲ ಪೇರಲ ಹಣ್ಣು ಹಿಡಿದು ಬಂದಳು. ಬಂದವಳು ಕುರ್ಚಿಯ ಮೇಲೆ ಕೂರಲಿಲ್ಲ, ರೂಢಿಯಂತೆ ನನ್ನ ಕಾಲ ಹತ್ತಿರವೇ ಕೂತಳು. ಪಟ್ಟಿ ಸಣ್ಣದಿತ್ತು. ಆಕೆ ಅದನ್ನು ಮುಟ್ಟಲಿಲ್ಲ, ಚಷ್ಮಾ ಏರಿಸಿ ನೋಡಿದಳು, ಆಮೇಲೆ ಅದರ ಪಕ್ಕದಲ್ಲಿ ಮೆಲ್ಲಗೆ ಬೆರಳು ಸರಿಸಿದಳು.

"ನೀರು ತಗ್ಯಾಕ ಇಲ್ಲೆ ಕೊಯ್ದಾರಾ?"

"ಹೂಂ ಖಾಲಾ."

"ಇಲ್ಲೇ ಅಲ್ಲೇನ್ರಿ ಲಿಂಬಿ ಮುಳ್ಳು ಹೊಕ್ಕಿದ್ದು? ಚಿಪ್ಪಿನ ಬಾಜೂಕ, ಬೆರಳು ಇಟ್ಟಷ್ಟು ಕೆಳಗ?"

ನಾನು ಚಹಾದ ಮಾತು ತೆಗೆದೆ. ಆಕೆ ರುದ್ರೇಶರ ಕಡೆ ತಿರುಗಿದಳು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ಪಂಖ ನೋಡಿದರು, ಆಮೇಲೆ ಒಳಗೆ ಹೋಗಿ ಡಾಕ್ಟರು ಆ ಮುಳ್ಳಿನ ಚೂರು ಹಾಕಿ ಕೊಟ್ಟಿದ್ದ ಸಣ್ಣ ಡಬ್ಬಿ ತಂದು ಆಕೆಯ ಕೈಯಲ್ಲಿ ಇಟ್ಟರು. ನನ್ನನ್ನು ಕೇಳಲೂ ಇಲ್ಲ. ಎದ್ದು ಹೊಡೆಯಬೇಕು ಎನ್ನುವಷ್ಟು ಸಿಟ್ಟು ಬಂತು, ಏಳಲು ಕಾಲು ಬರಬೇಕಲ್ಲ.

ಗೌಸಬಿ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಕೆ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಎಷ್ಟು ದಿನದಿಂದ ಗೊತ್ತೈತಿ ನಿಮಗ?"

"ಖಾಲಾ, ನಿಮ್ಮ ಮನಸಿಗೆ ನೋವಾಗತೈತಂತ..."

"ನನ್ನ ಮನಸು!" ಆಕೆ ಎದ್ದು ನಿಂತಳು. ಆಕೆಯ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ನನ್ನ ಮನಸು ತಗೊಂಡು ಏನ್ ಮಾಡ್ಲಿ ಅಕ್ಕೋರ? ನಿಮ್ಮ ಕಾಲಾಗ ಒಂದು ಉಳದೈತಂದ್ರ ಮತ್ತ ಯಾರ್ಯಾರ ಕಾಲಾಗ ಉಳದಾವೋ! ಅವರೂ ಹಿಂಗ ನನ್ನ ಮಾರಿ ನೋಡಿ ಸುಮ್ಕ ಕುಂತಿದ್ರ? ಕಲಿಸೋರು ನೀವು. ನೀವ ಹೇಳ್ಲಿಲ್ಲಂದ್ರ ನನಗ ಹೇಳೋರು ಯಾರ್ರಿ?"

ಚಹಾ ಕುಡಿಯದೆ ಹೋದಳು. ಆಮೇಲೆ ಎಷ್ಟೋ ದಿನ ಗೋಡೆಯ ಆಚೆಯಿಂದ ದನಿ ಇಲ್ಲ. ಕಟ್ಟೆ ಖಾಲಿ. ಸಂಜೆಯಾದರೆ ನನಗೆ ಹೊತ್ತು ಹೋಗುತ್ತಿರಲಿಲ್ಲ. ನಾನು ಹೆದರಿದ್ದೇ ಆಯಿತು, ಆಕೆ ಸೂಜಿ ಬಿಟ್ಟಳು, ನನ್ನನ್ನೂ ಬಿಟ್ಟಳು ಎಂದು ಒಳಗೊಳಗೇ ಅತ್ತೆ. ರುದ್ರೇಶರ ಜೊತೆ ಮಾತು ಬಿಟ್ಟಿದ್ದೆ. ಆ ಡಬ್ಬಿ ತಂದುಕೊಟ್ಟವರು ಅವರು.

ಆದರೆ ಮೊದಲ ಸುದ್ದಿ ತಂದವರೂ ಅವರೇ. ಅವರದು ಬಜಾರದಲ್ಲಿ ಬೀಜದ ಅಂಗಡಿ, ಊರಿನ ಮಾತೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. "ನಿಮ್ಮ ಖಾಲಾ ಮನಿ ಮನಿ ಹೊಂಟಾಳ" ಅಂದರು, ನಾನು ಕೇಳದಿದ್ದರೂ. ಬುರ್ಖಾ ಹಾಕಿಕೊಂಡು, ಬಿಸಿಲಲ್ಲಿ, ಓಣಿಯಿಂದ ಓಣಿಗೆ. ಯಾರ ಮುಳ್ಳು ತೆಗೆದಿದ್ದಳೋ ಅವರ ಬಾಗಿಲು ತಟ್ಟುವುದು. "ಅವತ್ತ ನಾ ಮುಳ್ಳು ತಗದಿದ್ನಲ್ಲ, ಆ ಜಾಗಾ ತೋರಸ್ರಿ. ಒತ್ತಿದ್ರ ನೋಯ್ತೈತೇನು? ಬಾವು ಬಂದಿತ್ತೇನು?" ಆಕೆಗೆ ಜನರ ಹೆಸರು ಮರೆತಿರಬಹುದು, ಮುಳ್ಳು ಹೊಕ್ಕ ಜಾಗ ಮರೆತಿರಲಿಲ್ಲ. ಕೆಲವರು ನಕ್ಕರಂತೆ. ಮುದುಕಿಗೆ ತಲೆ ಕೆಟ್ಟಿದೆ ಅಂದರಂತೆ. ಒಬ್ಬಾಕೆ, ನಿಮ್ಮ ಕೈಗುಣ ದೊಡ್ಡದು, ಹಂಗೆಲ್ಲ ಅನಬ್ಯಾಡ್ರಿ ಎಂದು ಕಾಲಿಗೆ ಬಿದ್ದಳಂತೆ. ಗೌಸಬಿ ಆಕೆಯನ್ನು ಎಬ್ಬಿಸಿ, ಅದೇ ಕಾಲನ್ನು ತಿರುಗಿಸಿ ಒತ್ತಿ ನೋಡಿಯೇ ಮುಂದೆ ಹೋದಳಂತೆ.

ಕೇಳುತ್ತ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ರುದ್ರೇಶರ ಜೊತೆ ಮಾತು ಶುರುಮಾಡಿದೆ, ಅದೂ ಬೈಗುಳದಿಂದಲೇ.

ಅದಾದ ಮೇಲೆ ಒಂದು ಮುಂಜಾನೆ ಆಕೆಯೇ ಬಂದಳು. ಹಿಂದೆ ಒಬ್ಬ ಗಂಡಸು, ತಲೆಗೆ ಟವೆಲ್ಲು ಸುತ್ತಿದವ. ಎಲೆತೋಟದ ಖಲಂದರ. ವೀಳ್ಯದೆಲೆ ಕೊಯ್ಯುವುದರಲ್ಲಿ ಅವನಂಥ ಚುರುಕಿನ ಕೈ ಸವಣೂರಲ್ಲಿ ಇಲ್ಲ ಅನ್ನುತ್ತಿದ್ದರು. ಆ ಕೈಯ ತೋರುಬೆರಳು ಈಗ ನಡುಗೀಲಿನಲ್ಲಿ ಊದಿ ಗಟ್ಟಿಯಾಗಿತ್ತು. ಬಳ್ಳಿ ಹಬ್ಬಿಸಿದ ಹಾಲವಾಣದ ಮುಳ್ಳು, ಗೌಸಬಿಯೇ ತೆಗೆದದ್ದು. ಬೆರಳು ಮಡಚದೆ ಎಲೆ ಕೊಯ್ಯಲು ಬಾರದು, ಎಲೆ ಕಟ್ಟುವ ಕೆಲಸಕ್ಕೆ ಅವನನ್ನು ಹಾಕಿದ್ದರು.

"ಮೊದಲ ಯಾಕ ತೋರಿಸ್ಲಿಲ್ಲೋ ಖಲಂದರ?" ಅಂದೆ ನಾನು.

ಅವನು ನೆಲ ನೋಡಿದ. "ಗೌಸಬಿ ಅಮ್ಮಾ ತಗದ ಮ್ಯಾಲೆ ಮುಳ್ಳು ಹೆಂಗ ಉಳೀತೈತ್ರಿ? ಥಂಡಿ ಹಿಡದಿರಬೇಕು ಅಂದ್ಕೊಂಡೆ."

ಗೌಸಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಡೆ ನೋಡದೆಯೇ, "ನಿಮ್ಮ ಡಾಕ್ಟರ್ ಹತ್ರ ಕರ್ಕೊಂಡು ನಡೀರಿ. ನಿಮ್ಮ ಕಾಲು ನಡಿಯಾಕತ್ತಾವಲ್ಲ?" ಅಂದಳು. ನಡೆಯದಿದ್ದರೂ ತೆವಳಿಕೊಂಡು ಹೋಗುತ್ತಿದ್ದೆ.

ಹುಬ್ಬಳ್ಳಿಯ ಆ ದವಾಖಾನೆಯಲ್ಲಿ ಅವತ್ತು ಭಾರಿ ಗದ್ದಲ. ಕೂರಲು ಜಾಗವಿರಲಿಲ್ಲ. ದಾರಿಯುದ್ದಕ್ಕೂ ನಾನು ಗೌಸಬಿಗೆ ಹೇಳುತ್ತ ಬಂದಿದ್ದೆ, ಒಳಗೆ ನಾನು ಮಾತಾಡುತ್ತೇನೆ, ಊರಲ್ಲಿ ಯಾರೋ ಮುಳ್ಳು ತೆಗೆದರು ಎಂದರೆ ಸಾಕು, ಹೆಸರು ಬೇಕಿಲ್ಲ ಎಂದು. ಆಕೆ ಎಲೆ ಮೆಲ್ಲುತ್ತ ಕಿಟಕಿಯ ಆಚೆ ನೋಡುತ್ತ ಬಂದಿದ್ದಳು. ನಾವು ಜಾಗ ಹುಡುಕುತ್ತಿರುವಾಗ ಡಾಕ್ಟರು ಶ್ವೇತಾ ಯಾರನ್ನೋ ನೋಡಲು ಹೊರಗೆ ಬಂದಳು, ನನ್ನ ಗುರುತು ಹಿಡಿದು ನಿಂತಳು, ಖಲಂದರನ ಬೆರಳು ಕಂಡು ಹತ್ತಿರ ಬಂದಳು.

"ಇವರಿಗೂ ಮುಳ್ಳಾ? ಯಾರ್ ತಗದಿದ್ರು?"

ನಾನು ಬಾಯಿ ತೆರೆದೆ. ಅದಕ್ಕಿಂತ ಮೊದಲು ಗೌಸಬಿ ಖಲಂದರನ ಕೈ ಹಿಡಿದು ಮುಂದೆ ಚಾಚಿದ್ದಳು. ಅಷ್ಟು ಜನರ ನಡುವೆ, ಬಾಗಿಲ ತನಕ ಕೇಳುವ ದನಿಯಲ್ಲಿ ಆಕೆ ಅಂದಳು:

"ನಾ ತಗದೇನ್ರಿ. ಅರ್ಧಾ ತಗದೇನಿ. ಉಳದದ್ದು ನೀವು ತಗೀರಿ."